ದೂರವಾಣಿಯ ಕಿವಿ, ಬಾನುಲಿಯ ಬಾಯಿ

ಬಿ.ಎ. ತರಗತಿಯಲ್ಲಿ ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನಿಗೆ ತಂತಿ, ಬೆಸುಗೆ, ಓಮ್, ವೋಲ್ಟುಗಳ ಗೊಡವೆಯೇಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಅಂಥವರಿಗೆ ಒಂದು ಸಂಗತಿಯನ್ನು ಮೊದಲೇ ನೆನಪಿಗೆ ತರಬಯಸುತ್ತೇನೆ. ಕನ್ನಡ ನಾಡಿನಲ್ಲಿ ಬಾನುಲಿಗೆ ನೆಲೆ ಒದಗಿಸಿದವರು ಇಂಜಿನಿಯರರಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಬೋಧಿಸುತ್ತಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು. ಅವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಪ್ರಸಾರ ಕೇಂದ್ರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದು. ಮುಂದೆ ಇಡೀ ದೇಶದ ಪ್ರಸಾರ ಸಂಸ್ಥೆಯೇ ಆ ಹೆಸರನ್ನು ತನ್ನದಾಗಿ ಮಾಡಿಕೊಂಡಿತು. ಕಲಾ ಕಾಲೇಜಿನ ಅಧ್ಯಾಪಕರು ಒಂದು ನಿಲಯವನ್ನೇ ಕಟ್ಟಿರುವಾಗ, ಕಲಾ ಕಾಲೇಜಿನ ವಿದ್ಯಾರ್ಥಿ ಒಂದು ಕಿವಿಯ ತಂತಿಯನ್ನು ಜೋಡಿಸಿದರೆ ಅಪಚಾರವಾಗಲಾರದು.

ನಾನು ಹೇಳಹೊರಟಿರುವುದು ಸಣ್ಣ ವಿಷಯ. ದೂರವಾಣಿಯಲ್ಲಿ ಮಾತನಾಡುವವರು ತಲೆಗೆ ಸಿಕ್ಕಿಸಿಕೊಳ್ಳುವ ಹೆಡ್‌ಸೆಟ್ಟನ್ನು ಕೈಯಲ್ಲಿ ಒಯ್ಯುವ ಚಿಕ್ಕ ರೇಡಿಯೋಗೆ ಹೊಂದಿಸುವುದು ಹೇಗೆ? ಅದನ್ನು ಮಾಡುವಾಗ ನಾನು ಎಲ್ಲಿ ಎಡವಿದೆ, ಎಡವಿದ ಮೇಲೆ ಏನು ತಿಳಿಯಿತು? ಇಷ್ಟನ್ನೇ ಇಲ್ಲಿ ಬರೆದಿದ್ದೇನೆ.

ಇದರ ಅಗತ್ಯ ಹೇಗೆ ಬಂದಿತೆಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ನಮ್ಮೂರು ಮಗ್ಗದ ಊರು. ನನ್ನ ತಂದೆಯವರು ಮೂವತ್ತು ವರ್ಷ ವಿದ್ಯುತ್ ಮಗ್ಗಗಳ ಶೆಡ್ಡಿನಲ್ಲಿ ದುಡಿದವರು. ಲಾಳಿ ಅತ್ತಿಂದಿತ್ತ ಬಡಿಯುವ ಆ ಶೆಡ್ಡಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಬೇಕಾದರೆ ಕಿವಿಯ ಹತ್ತಿರ ಬಾಯಿ ತಂದು ಕೂಗಬೇಕು. ಕೆಲಸ ಮುಗಿಸಿ ಬಂದ ಮೇಲೆ ಧಾರವಾಡ ನಿಲಯದ ವಾರ್ತೆ, ತತ್ವಪದ ಇವೇ ಅವರ ಸಂತೋಷ. ಆದರೆ ವರ್ಷದಿಂದ ವರ್ಷಕ್ಕೆ ರೇಡಿಯೋದ ಸದ್ದಿನ ತಿರುಪು ಮೇಲಕ್ಕೇ ಹೋಯಿತು. ನಮ್ಮದು ಒಂದೇ ಅಂಕಣದ ಮನೆ. ನನಗೆ ಪದವಿಯ ಕೊನೆಯ ವರ್ಷ, ತಂಗಿಗೆ ಎಸ್.ಎಸ್.ಎಲ್.ಸಿ. ಓದುವ ಹೊತ್ತೂ ವಾರ್ತೆಯ ಹೊತ್ತೂ ಒಂದೇ. ರೇಡಿಯೋ ಹಾಕಬೇಡಿರೆಂದು ತಂದೆಯವರಿಗೆ ಹೇಳುವ ಬಾಯಿ ನಮಗಿಬ್ಬರಿಗೂ ಇರಲಿಲ್ಲ. ನಮ್ಮ ಮುಖ ನೋಡಿ ಅವರೇ ಅದನ್ನು ಆರಿಸಿ ಸುಮ್ಮನೆ ಗೋಡೆಗೆ ಒರಗಿ ಕೂರತೊಡಗಿದರು. ಆ ಮೌನದಲ್ಲಿ ನಮಗೆ ಓದು ಹತ್ತಲಿಲ್ಲ.

ಜಾತ್ರೆಯಲ್ಲಿ ಕೊಂಡ ಅಗ್ಗದ ಇಯರ್‌ಫೋನ್ ಅವರ ಕಿವಿಯಲ್ಲಿ ನಿಲ್ಲಲಿಲ್ಲ, ನೋಯುತ್ತದೆಂದು ತೆಗೆದಿಟ್ಟರು. ಆಗ ಬೆಂಗಳೂರಿನ ಒಂದು ಕಚೇರಿಯಲ್ಲಿ ದೂರವಾಣಿ ಕೆಲಸ ಮಾಡುವ ಚಿಕ್ಕಪ್ಪನ ಮಗ, ಅಲ್ಲಿ ಬದಲಾಯಿಸಿ ಬಿಸಾಡಿದ್ದ ಒಂದು ಹೆಡ್‌ಸೆಟ್ಟನ್ನು ತಂದುಕೊಟ್ಟನು. ತಲೆಯ ಮೇಲೆ ಕೂರುವ ಪಟ್ಟಿ, ಒಂದೇ ಕಿವಿಗೆ ಮೆತ್ತನೆಯ ದಿಂಬು, ಬಾಯಿಯ ಮುಂದೆ ಬರುವ ಕಡ್ಡಿ, ತುದಿಯಲ್ಲಿ ದೂರವಾಣಿಗೆ ಸಿಕ್ಕಿಸುವ ಚೌಕನೆಯ ಪುಟ್ಟ ಬಿರಡೆ. ಇಷ್ಟು ಅದರ ರೂಪ. ರೇಡಿಯೋದಲ್ಲಿ ಇದ್ದದ್ದೋ ದುಂಡನೆಯ ರಂಧ್ರ. ಚೌಕ ಬಿರಡೆಗೂ ದುಂಡು ರಂಧ್ರಕ್ಕೂ ಗಂಟು ಹಾಕುವುದೇ ನನ್ನ ಪಾಲಿಗೆ ಬಂದ ಪ್ರಶ್ನೆ.

ಮೊದಲು ತತ್ತ್ವವನ್ನು ನೋಡೋಣ. ೧೮೭೬ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ದೂರವಾಣಿಗೆ ಹಕ್ಕುಪತ್ರ ಪಡೆದನು. ಆತ ಕಿವುಡ ಮಕ್ಕಳ ಶಿಕ್ಷಕ. ಅವನ ತಾಯಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅವನ ಮಡದಿ ಮೇಬಲ್ ಬಾಲ್ಯದ ಒಂದು ಜ್ವರದಲ್ಲಿ ಶ್ರವಣಶಕ್ತಿಯನ್ನು ಕಳೆದುಕೊಂಡಿದ್ದಳು. ಮಾತು ಕಿವಿಗೆ ಹೇಗೆ ಮುಟ್ಟುತ್ತದೆಂಬ ಚಿಂತೆ ಅವನಿಗೆ ಮನೆಯ ಚಿಂತೆಯೇ ಆಗಿತ್ತು. ಕೇಳುವ ತುದಿಯಲ್ಲಿ ಆತ ಬಳಸಿದ ಉಪಾಯದ ತಿರುಳು ಈಗಲೂ ಅದೇ. ಒಂದು ಅಯಸ್ಕಾಂತ, ಒಂದು ತಂತಿಯ ಸುರುಳಿ, ಒಂದು ತೆಳುವಾದ ಪಟಲ. ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಹೆಚ್ಚು ಕಡಿಮೆಯಾದಂತೆ ಅಯಸ್ಕಾಂತದ ಸೆಳೆತವೂ ಹೆಚ್ಚು ಕಡಿಮೆಯಾಗಿ ಪಟಲ ನಡುಗುತ್ತದೆ, ಪಟಲ ನಡುಗಿದಂತೆ ಗಾಳಿ ನಡುಗುತ್ತದೆ, ಅದೇ ಶಬ್ದ. ರೇಡಿಯೋದ ಧ್ವನಿವರ್ಧಕವನ್ನು ಬಿಚ್ಚಿ ನೋಡಿದರೆ ಅಲ್ಲಿಯೂ ಇದೇ ಮೂವರು ಇದ್ದಾರೆ. ಪಟಲದ ಬದಲು ಕಾಗದದ ಬಟ್ಟಲು, ಅಷ್ಟೆ. ಆದ್ದರಿಂದ ದೂರವಾಣಿಯ ಕಿವಿ ಬಾನುಲಿಗೆ ಪರಕೀಯವಲ್ಲ. ರೇಡಿಯೋದ ಬಾಲ್ಯದಲ್ಲಿ ಎಲ್ಲರೂ ಕೇಳುತ್ತಿದ್ದುದು ಇಂಥ ಕಿವಿಗಳಲ್ಲಿಯೇ. ಅಮೆರಿಕದ ಯೂಟಾ ಪ್ರಾಂತದ ನೆಥಾನಿಯಲ್ ಬಾಲ್ಡ್ವಿನ್ ಎಂಬಾತ ತನ್ನ ಅಡುಗೆಮನೆಯಲ್ಲಿ ಕೂತು ಮಾಡಿದ ತಲೆಕಿವಿಯನ್ನು ಆ ದೇಶದ ನೌಕಾಪಡೆ ೧೯೧೦ರ ಸುಮಾರಿನಲ್ಲಿ ನಿಸ್ತಂತು ಕೆಲಸಕ್ಕಾಗಿ ಕೊಂಡಿತು.

ಆದರೆ ಬಂಧುಗಳಾದ ಮಾತ್ರಕ್ಕೆ ಅಳತೆ ಒಂದೇ ಇರಬೇಕೆಂದಿಲ್ಲ. ನನ್ನ ರೇಡಿಯೋದ ಧ್ವನಿವರ್ಧಕದ ಬೆನ್ನ ಮೇಲೆ ೮ ಓಮ್ ಎಂದು ಬರೆದಿತ್ತು. ಹೆಡ್‌ಸೆಟ್ಟಿನ ಸುರುಳಿಯನ್ನು ಊರಿನ ರೇಡಿಯೋ ರಿಪೇರಿಯವರ ಮೀಟರಿನಲ್ಲಿ ಅಳೆದಾಗ ಸುಮಾರು ೧೩೦ ಓಮ್ ಬಂದಿತು. ಮೀಟರು ತೋರಿಸುವುದು ನೇರ ಪ್ರವಾಹಕ್ಕಿರುವ ತಡೆಯನ್ನು. ಧ್ವನಿಯ ಪ್ರವಾಹಕ್ಕೆ ಅದು ಸ್ವಲ್ಪ ಹೆಚ್ಚು. ಲೆಕ್ಕಕ್ಕೆ ೧೫೦ ಎಂದು ಇಟ್ಟುಕೊಳ್ಳೋಣ. ನನ್ನ ಗೆಳೆಯನೊಬ್ಬ, ‘ಎಂಟೆಲ್ಲಿ, ನೂರೈವತ್ತೆಲ್ಲಿ! ರೇಡಿಯೋ ಸುಟ್ಟೀತು’ ಎಂದು ಹೆದರಿಸಿದನು. ನಾನೂ ಹೆದರಿದೆ. ಆದರೆ ಕೂತು ಲೆಕ್ಕ ಹಾಕಿದಾಗ ವಿಷಯ ಅದಕ್ಕೆ ವಿರುದ್ಧವಾಗಿತ್ತು.

ಎತ್ತರದಲ್ಲಿರುವ ನೀರಿನ ತೊಟ್ಟಿಯನ್ನು ಊಹಿಸಿಕೊಳ್ಳಿರಿ. ಅಗಲವಾದ ಕೊಳವೆ ಹಾಕಿದರೆ ನೀರು ಧುಮ್ಮಿಕ್ಕುತ್ತದೆ, ತೊಟ್ಟಿಗೆ ಹೊರೆ ಹೆಚ್ಚು. ಕಿರಿದಾದ ಕೊಳವೆ ಹಾಕಿದರೆ ಸಣ್ಣ ಧಾರೆ, ಹೊರೆ ಕಡಿಮೆ. ತೊಟ್ಟಿಯ ಎತ್ತರ ವೋಲ್ಟಿನಂತೆ, ಕೊಳವೆಯ ಇಕ್ಕಟ್ಟು ಓಮಿನಂತೆ. ಎರಡು ಸೆಲ್ಲಿನ ರೇಡಿಯೋ ತನ್ನ ಹೊರದಾರಿಯಲ್ಲಿ ಹೆಚ್ಚೆಂದರೆ ಸುಮಾರು ೧ ವೋಲ್ಟು ಧ್ವನಿಯನ್ನು ಕೊಡುತ್ತದೆಂದು ಇಟ್ಟುಕೊಂಡರೆ, ವೋಲ್ಟಿನ ವರ್ಗವನ್ನು ಓಮಿನಿಂದ ಭಾಗಿಸಿದಾಗ ಶಕ್ತಿ ದೊರೆಯುತ್ತದೆ. ೮ ಓಮಿನ ಧ್ವನಿವರ್ಧಕಕ್ಕೆ ೧೨೫ ಮಿಲಿವಾಟು. ೧೫೦ ಓಮಿನ ಹೆಡ್‌ಸೆಟ್ಟಿಗೆ ಸುಮಾರು ೬.೭ ಮಿಲಿವಾಟು. ಹತ್ತೊಂಬತ್ತರಲ್ಲಿ ಒಂದು ಪಾಲು! ಇದರಿಂದ ರೇಡಿಯೋಗೆ ವಿಶ್ರಾಂತಿಯೇ ಹೊರತು ಅಪಾಯವಿಲ್ಲ. ಸೆಲ್ಲುಗಳೂ ಹೆಚ್ಚು ದಿನ ಬಾಳುತ್ತವೆ. ಅಪಾಯವಿರುವುದು ೮ ಓಮಿಗಿಂತ ತೀರ ಕಡಿಮೆ ತಡೆಯನ್ನು ಸಿಕ್ಕಿಸಿದಾಗ, ಇಲ್ಲವೆ ತಂತಿಗಳೆರಡೂ ಒಂದಕ್ಕೊಂದು ತಾಗಿದಾಗ.

ಹಳೆಯ ಕಾಲದ ಹರಳಿನ ರೇಡಿಯೋಗಳ ಕಥೆ ಬೇರೆ. ಅವಕ್ಕೆ ಬೇಕಾದದ್ದು ಸಾವಿರಾರು ಓಮಿನ ಕಿವಿ. ಅಂಥಲ್ಲಿ ಕಡಿಮೆ ಓಮಿನ ಕಿವಿಯನ್ನು ಕೂಡಿಸಬೇಕಾದರೆ ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಬೇಕು. ಓಮುಗಳ ಪ್ರಮಾಣದ ವರ್ಗಮೂಲವೇ ಸುತ್ತುಗಳ ಪ್ರಮಾಣ. ೨,೦೦೦ ಓಮನ್ನು ೮ ಓಮಿಗೆ ಹೊಂದಿಸಲು ೨೫೦ರ ವರ್ಗಮೂಲ, ಎಂದರೆ ಸುಮಾರು ೧೬ಕ್ಕೆ ೧ರಂತೆ ಸುತ್ತುಗಳಿರಬೇಕು. ನಮ್ಮ ಚಿಕ್ಕ ರೇಡಿಯೋಗೆ ಈ ತೊಡಕಿಲ್ಲ.

ಆದರೆ ಇನ್ನೊಂದು ಎಚ್ಚರಿಕೆ ಉಂಟು. ಧ್ವನಿವರ್ಧಕ ಮನೆಗೆಲ್ಲ ಕೇಳಿಸಬೇಕು. ಕಿವಿಗೆ ಒತ್ತಿಕೊಂಡದ್ದು ಕಿವಿಯೊಂದಕ್ಕೆ ಕೇಳಿಸಿದರೆ ಸಾಕು. ಅದಕ್ಕೆ ಒಂದು ಮಿಲಿವಾಟೂ ಧಾರಾಳವೇ. ಆರೇಳು ಮಿಲಿವಾಟು ಕಿವಿಯೊಳಗೆ ನುಗ್ಗಿದರೆ ಉಳಿದಿರುವ ಶ್ರವಣವೂ ಹಾಳು. ಆದ್ದರಿಂದ ನಾನು ದಾರಿಯಲ್ಲಿ ೪೭೦ ಓಮಿನ ಒಂದು ರೆಸಿಸ್ಟರನ್ನು ಸೇರಿಸಿದೆ. ಆಗ ಒಟ್ಟು ತಡೆ ೬೨೦ ಓಮ್. ಕಿವಿಗೆ ಸಿಗುವುದು ಅರ್ಧ ಮಿಲಿವಾಟಿಗಿಂತ ಕಡಿಮೆ. ತಿರುಪನ್ನು ಯಾರು ಎಷ್ಟೇ ತಿರುಗಿಸಿದರೂ ಅದಕ್ಕಿಂತ ಮೇಲೆ ಹೋಗಲಾರದು. ಕೆಲವೇ ಪೈಸೆಯ ವಸ್ತು ಕಿವಿಗೆ ಕಾವಲುಗಾರನಂತೆ ನಿಲ್ಲುತ್ತದೆ.

ಇನ್ನು ಕೆಲಸದ ಕ್ರಮ. ಹೆಡ್‌ಸೆಟ್ಟಿನ ಹುರಿಯಲ್ಲಿ ನಾಲ್ಕು ತಂತಿಗಳಿರುತ್ತವೆ. ಎರಡು ಕಿವಿಗೆ, ಎರಡು ಬಾಯಿಯ ಮೈಕಿಗೆ. ಬಣ್ಣವನ್ನು ನಂಬಬಾರದು, ತಯಾರಕರಿಂದ ತಯಾರಕರಿಗೆ ಅದು ಬೇರೆ. ಒಂದೂವರೆ ವೋಲ್ಟಿನ ಸೆಲ್ಲಿನ ಎರಡು ತುದಿಗೆ ಎರಡು ತಂತಿಗಳನ್ನು ಕ್ಷಣಮಾತ್ರ ಮುಟ್ಟಿಸಿ ನೋಡಬೇಕು. ಕಿವಿಯಲ್ಲಿ ‘ಟಕ್’ ಎಂದರೆ ಅವೇ ಬೇಕಾದ ಜೋಡಿ. ಈ ಪರೀಕ್ಷೆ ಮಾಡುವಾಗ ಹೆಡ್‌ಸೆಟ್ಟನ್ನು ಕಿವಿಗೆ ಒತ್ತಿಕೊಳ್ಳದೆ ಗೇಣು ದೂರ ಹಿಡಿಯುವುದು ಲೇಸು. ಮೈಕಿನ ಜೋಡಿಯಿಂದ ನಮಗೆ ಪ್ರಯೋಜನವಿಲ್ಲ. ಅದನ್ನು ಕತ್ತರಿಸಿ, ತುದಿಗಳು ತಾಗದಂತೆ ಟೇಪು ಸುತ್ತಿಬಿಡಬೇಕು.

ನಾನು ಮೊದಲು ಎಡವಿದ್ದು ಬೆಸುಗೆಯಲ್ಲಿ. ದೂರವಾಣಿಯ ಹುರಿ ಸಾವಿರಾರು ಸಲ ಬಾಗಿ ನೆಟ್ಟಗಾಗಬೇಕು. ಸಾಮಾನ್ಯ ತಾಮ್ರದ ತಂತಿಯಾದರೆ ಮುರಿಯುತ್ತದೆ. ಆದುದರಿಂದ ನೂಲಿನ ಎಳೆಯ ಮೇಲೆ ಕೂದಲಿನಂಥ ತಾಮ್ರದ ತಗಡನ್ನು ಸುತ್ತಿ ಅದನ್ನು ಮಾಡಿರುತ್ತಾರೆ. ನೇಕಾರರ ಮನೆಯ ನನಗೆ ಅದನ್ನು ಕಂಡಾಗ ಜರಿಯ ಎಳೆಯೇ ನೆನಪಾಯಿತು. ಜರಿಯಲ್ಲಿಯೂ ಒಳಗೆ ನೂಲು, ಹೊರಗೆ ಲೋಹ. ಕೆಲವು ಹುರಿಗಳಲ್ಲಿ ಇದರ ಮೇಲೆ ಅರಗಿನಂಥ ಲೇಪವೂ ಇರುತ್ತದೆ. ಲೇಪವನ್ನು ತೆಗೆಯದೆ ಸೋಲ್ಡರು ಹಚ್ಚಿದರೆ ಅಂಟಿದಂತೆ ಕಾಣುತ್ತದೆ, ಪ್ರವಾಹ ಮಾತ್ರ ಹರಿಯುವುದಿಲ್ಲ. ಕಾದ ಕಡ್ಡಿಯ ತುದಿಯಲ್ಲಿ ಲೇಪವನ್ನು ಸುಟ್ಟು, ಬ್ಲೇಡಿನಿಂದ ಮೆಲ್ಲಗೆ ಕೆರೆದು, ತೆಳುವಾದ ತಾಮ್ರದ ಎಳೆಯೊಂದನ್ನು ಅದರ ಮೇಲೆ ಬಿಗಿಯಾಗಿ ಸುತ್ತಿ, ಆಮೇಲೆ ಬೆಸೆಯಬೇಕೆಂದು ರಿಪೇರಿಯವರು ತೋರಿಸಿಕೊಟ್ಟರು. ನೂಲು ಸುಡದಷ್ಟು ಬೇಗ ಕೈ ತೆಗೆಯಬೇಕು. ಮೂರನೆಯ ಸಲಕ್ಕೆ ನನಗೆ ಸಾಧ್ಯವಾಯಿತು.

ದುಂಡು ಬಿರಡೆಯಲ್ಲಿ ತುದಿ ಒಂದು ದಾರಿ, ಬುಡ ಇನ್ನೊಂದು ದಾರಿ. ರೆಸಿಸ್ಟರನ್ನು ತುದಿಗೆ ಬೆಸೆದು ಅದರ ಇನ್ನೊಂದು ಕಾಲಿಗೆ ಕಿವಿಯ ಒಂದು ತಂತಿಯನ್ನೂ, ಬುಡಕ್ಕೆ ಎರಡನೆಯ ತಂತಿಯನ್ನೂ ಸೇರಿಸಿದೆ. ನನ್ನ ರೇಡಿಯೋದ ರಂಧ್ರ ಒಂದೇ ಧ್ವನಿಯದು. ಸ್ಟೀರಿಯೋ ರಂಧ್ರವಾದರೆ ಮೂರು ಪಾಲಿನ ಬಿರಡೆಯನ್ನೇ ಬಳಸಬೇಕು. ಎರಡು ಪಾಲಿನದನ್ನು ತುರುಕಿದರೆ ಒಂದು ಬದಿಯ ಧ್ವನಿ ನೇರವಾಗಿ ಬುಡಕ್ಕೆ ತಾಗಿ ರೇಡಿಯೋಗೆ ಕೆಡುಕಾಗಬಹುದು. ಬಿರಡೆ ಒಳಹೊಕ್ಕಾಗ ಒಳಗಿನ ಒಂದು ಪುಟ್ಟ ಪಟ್ಟಿ ಸರಿದು ಧ್ವನಿವರ್ಧಕವನ್ನು ಬೇರ್ಪಡಿಸುತ್ತದೆ. ಮನೆ ಮೌನವಾಗುತ್ತದೆ, ಕಿವಿ ಮಾತ್ರ ಕೇಳುತ್ತದೆ. ಇದೆಲ್ಲ ಸೆಲ್ಲಿನ ರೇಡಿಯೋಗೆ ಮಾತ್ರ. ಹಳೆಯ ವಾಲ್ವು ರೇಡಿಯೋದೊಳಗೆ ನೂರಾರು ವೋಲ್ಟು ಇರುತ್ತದೆ, ಕೆಲವದರ ಕಬ್ಬಿಣದ ತಳವೇ ಮನೆಯ ವಿದ್ಯುತ್ತಿಗೆ ತಾಗಿರುತ್ತದೆ. ತಲೆಗೆ ಕಟ್ಟಿಕೊಳ್ಳುವ ವಸ್ತುವನ್ನು ಅದಕ್ಕೆ ಎಂದಿಗೂ ಜೋಡಿಸಬಾರದು.

ಎಲ್ಲ ಮುಗಿಸಿ ನಾನೇ ಕೇಳಿ ನೋಡಿದೆ, ವಾರ್ತೆ ಸ್ಪಷ್ಟವಾಗಿತ್ತು. ಸಂಭ್ರಮದಿಂದ ತಂದೆಯವರ ತಲೆಗೆ ಅದನ್ನು ಏರಿಸಿದೆ. ದಿಂಬು ಎಡಗಿವಿಯ ಮೇಲೆ ಕೂತಿತು. ಅವರು ಸ್ವಲ್ಪ ಹೊತ್ತು ಕಾದು, ‘ತಮ್ಮಾ, ಇದರಾಗ ಏನೂ ಕೇಳವಲ್ದು’ ಎಂದರು. ಬೆಸುಗೆ ಬಿಟ್ಟಿರಬೇಕೆಂದು ಬಿಚ್ಚಿ ಮತ್ತೆ ಬೆಸೆದೆ. ನನಗೆ ಕೇಳಿಸಿತು, ಅವರಿಗಿಲ್ಲ. ರೆಸಿಸ್ಟರು ಹೆಚ್ಚಾಯಿತೆಂದು ೪೭೦ನ್ನು ತೆಗೆದು ೧೫೦ ಹಾಕಿದೆ. ಆಗಲೂ ಅವರು ತಲೆಯಾಡಿಸಿದರು. ಎರಡು ರಾತ್ರಿ ನಾನು ತಂತಿಯಲ್ಲಿಯೇ ದೋಷವನ್ನು ಹುಡುಕಿದೆ. ಮೂರನೆಯ ರಾತ್ರಿ ತಂಗಿ, ‘ಅಪ್ಪಾ, ಆ ಕಡೆ ಕಿವಿಗೆ ಹಾಕ್ಕೊಂಡು ನೋಡು’ ಎಂದಳು. ಪಟ್ಟಿಯನ್ನು ತಿರುಗಿಸಿ ಬಲಗಿವಿಗೆ ಹಾಕಿದೆವು. ಅವರ ಮುಖ ಒಮ್ಮೆಲೇ ಅರಳಿತು. ‘ಆಕಿ ಮಾತಾಡಾಕತ್ತಾಳ!’ ಎಂದರು. ವಾರ್ತೆ ಓದುವವರ ಧ್ವನಿ ಅವರಿಗೆ ಮುಟ್ಟಿತ್ತು.

ದೋಷ ತಂತಿಯಲ್ಲಿರಲಿಲ್ಲ. ಎಷ್ಟು ವರ್ಷದಿಂದ ಅವರ ಎಡಗಿವಿ ಹೀಗಿತ್ತೋ! ಎಡಗಡೆ ಕೂತು ಮಾತನಾಡಿಸಿದಾಗ ಉತ್ತರ ಬಾರದಿದ್ದರೆ ಅವರು ಸಿಟ್ಟಾಗಿದ್ದಾರೆಂದು ನಾನು ಎಷ್ಟೋ ಸಲ ತಿಳಿದಿದ್ದೆ. ನಾನೇ ಒಂದಿಷ್ಟು ವಿದ್ಯೆ ಕಲಿತು ಮಾತು ಕಡಿಮೆ ಮಾಡಿದೆನೆಂದು ಅವರೂ ತಿಳಿದಿದ್ದರೋ ಏನೋ. ಒಂದು ಕಿವಿಯ ಹೆಡ್‌ಸೆಟ್ಟು ಎರಡು ಕಿವಿಗಳನ್ನು ಬೇರೆ ಬೇರೆ ಮಾಡಿ ತೋರಿಸದಿದ್ದರೆ ಈ ಸಂಗತಿ ನಮಗೆ ತಿಳಿಯುತ್ತಲೇ ಇರಲಿಲ್ಲ.

ಮರುವಾರ ಅವರನ್ನು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಡಗಿವಿಯಲ್ಲಿ ಗುಗ್ಗೆ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು; ವೈದ್ಯರು ಅದನ್ನು ತೆಗೆದರು, ಸ್ವಲ್ಪ ಮೇಲಾಯಿತು. ಉಳಿದ ನಷ್ಟ ಎರಡೂ ಕಿವಿಗಳಲ್ಲಿದೆ, ಅದು ಮಗ್ಗದ ಸದ್ದಿನಿಂದ ಆದದ್ದು, ಹಿಂದಿರುಗಿ ಬರುವುದಿಲ್ಲ ಎಂದರು. ಆ ಬಳಿಕ ನಾನು ಓದಿ ತಿಳಿದುದನ್ನು ಇಲ್ಲಿ ಸಂಗ್ರಹಿಸುತ್ತೇನೆ. ದೊಡ್ಡ ಸದ್ದಿನಿಂದ ಆಗುವ ಕಿವುಡು ಮೊದಲು ಸೆಕೆಂಡಿಗೆ ಸುಮಾರು ೪,೦೦೦ ಕಂಪನಗಳ ಎತ್ತರದ ಸ್ವರಗಳನ್ನು ಕಸಿಯುತ್ತದೆ. ‘ಸ’ಕಾರದಂಥ ವ್ಯಂಜನಗಳ ಸುಳಿವು ಇರುವುದು ಆ ಎತ್ತರದ ಪ್ರದೇಶದಲ್ಲಿಯೇ. ಆದುದರಿಂದ ಇಂಥವರು ‘ದನಿ ಕೇಳುತ್ತದೆ, ಏನೆಂದರೋ ತಿಳಿಯುವುದಿಲ್ಲ’ ಎನ್ನುತ್ತಾರೆ. ತಿರುಪು ಹೆಚ್ಚಿಸಿದರೆ ಸ್ವರಾಕ್ಷರಗಳು ಅಬ್ಬರಿಸುತ್ತವೆಯೇ ಹೊರತು ವ್ಯಂಜನಗಳು ತಿಳಿಯಾಗುವುದಿಲ್ಲ.

ದೂರವಾಣಿ ಒಯ್ಯುವುದು ಬಹುಕಾಲದಿಂದ ೩೦೦ರಿಂದ ೩,೪೦೦ ಕಂಪನಗಳವರೆಗಿನ ಧ್ವನಿಯನ್ನು ಮಾತ್ರ. ಗಂಡಸಿನ ದನಿಯ ಮೂಲ ಕಂಪನ ೩೦೦ಕ್ಕಿಂತ ಕೆಳಗಿದ್ದರೂ ಮೇಲಿನ ಕಂಪನಗಳಿಂದ ನಮ್ಮ ಮಿದುಳು ಅದನ್ನು ಊಹಿಸಿಕೊಳ್ಳುತ್ತದೆ. ಮಾತು ಅರ್ಥವಾಗಲು ಈ ಪಟ್ಟಿ ಸಾಕು. ನಮ್ಮ ಹೆಡ್‌ಸೆಟ್ಟೂ ಮಾತಿಗೆಂದೇ ಮಾಡಿದ್ದು. ಅದರಲ್ಲಿ ವಾರ್ತೆ ಚೆನ್ನ, ಸಂಗೀತ ಸಪ್ಪೆ. ತಬಲಾ ಕೇಳುತ್ತದೆ, ಡಗ್ಗಾ ಕೇಳುವುದಿಲ್ಲ. ಆದರೂ ತಂದೆಯವರಿಗೆ ಅದು ಒಪ್ಪಿದೆ. ಪಟಲ ಕಿವಿಗೆ ಹತ್ತಿರ. ಓಣಿಯ ಸದ್ದೂ ಗೋಡೆಯ ಮಾರ್ದನಿಯೂ ನಡುವೆ ಬರುವುದಿಲ್ಲ. ಇಷ್ಟಕ್ಕೇ ಅವರಿಗೆ ಹೆಚ್ಚು ಮಾತು ತಿಳಿಯುತ್ತದೆ.

ಹಾಗೆಂದು ಇದು ಶ್ರವಣ ಸಾಧನವಲ್ಲ. ಕಿವಿಯನ್ನು ಅಳೆದು ಯಾವ ಎತ್ತರದಲ್ಲಿ ಎಷ್ಟು ನಷ್ಟವಾಗಿದೆಯೋ ಅಲ್ಲಿ ಅಷ್ಟೇ ಹೆಚ್ಚಿಸಿ ಕೊಡುವ ಸಾಧನ ಬೇರೆಯೇ. ಆ ವಿದ್ಯೆಗಾಗಿ ನಮ್ಮ ಮೈಸೂರಿನಲ್ಲಿಯೇ ೧೯೬೫ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನನ್ನ ಪರೀಕ್ಷೆ ಮುಗಿದೊಡನೆ ತಂದೆಯವರನ್ನು ಅಲ್ಲಿಗೆ ಕರೆದೊಯ್ಯುವ ಸಂಕಲ್ಪ ಮಾಡಿದ್ದೇನೆ. ಇನ್ನೊಂದು ಮಾತನ್ನು ಸಹಪಾಠಿಗಳು ನೆನಪಿಡಬೇಕು. ವಾರಕ್ಕೆ ೪೦ ಗಂಟೆ ಕೇಳುವುದಾದರೆ ಸದ್ದು ೮೦ ಡೆಸಿಬೆಲ್ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರತಿ ೩ ಡೆಸಿಬೆಲ್ಲಿಗೆ ಶಬ್ದದ ಶಕ್ತಿ ಇಮ್ಮಡಿ. ೮೩ ಆದರೆ ೨೦ ಗಂಟೆ ಮಾತ್ರ. ಮಗ್ಗದ ಶೆಡ್ಡಿಗೆ ಹೋಗದ ನಾವೂ ಇಯರ್‌ಫೋನುಗಳಲ್ಲಿ ನಮ್ಮ ನಮ್ಮ ಮಗ್ಗಗಳನ್ನು ಕಿವಿಯೊಳಗೆ ಹೂಡಿಕೊಳ್ಳುತ್ತಿದ್ದೇವೆ.

ಈಗ ನಮ್ಮ ಮನೆಯಲ್ಲಿ ಓದೂ ನಡೆಯುತ್ತದೆ, ರೇಡಿಯೋವೂ ನಡೆಯುತ್ತದೆ. ೪೭೦ ಓಮು ಮತ್ತೆ ತನ್ನ ಸ್ಥಾನಕ್ಕೆ ಬಂದಿದೆ. ಆದರೆ ಒಂದು ವಾರ ಕಳೆದ ಮೇಲೆ ತಾಯಿಯವರಿಂದ ಆಕ್ಷೇಪಣೆ ಬಂದಿತು. ‘ನಿಮ್ಮಪ್ಪಾರು ಒಬ್ಬರ ಕೇಳಿದ್ರ ನಾ ಏನ್ ಕೇಳ್ಲಿ?’ ಎಂದರು. ಅವರು ಅಕ್ಷರ ಬಲ್ಲವರಲ್ಲ. ಲೋಕದ ಸುದ್ದಿ ಅವರಿಗೆ ಮುಟ್ಟುತ್ತಿದ್ದುದು ರೇಡಿಯೋದ ಬಾಯಿಂದಲೇ. ಇದನ್ನು ನಾನು ಯೋಚಿಸಿರಲಿಲ್ಲ. ಬಿರಡೆ ಧ್ವನಿವರ್ಧಕವನ್ನು ಮುಚ್ಚಿದಾಗ ಮನೆಯ ಇನ್ನೊಬ್ಬರ ಕಿವಿಯನ್ನೂ ಮುಚ್ಚಿತ್ತು.

ಇದಕ್ಕೂ ಉಪಾಯವಿದೆ. ರೇಡಿಯೋದೊಳಗಿನ ಆ ಪುಟ್ಟ ಪಟ್ಟಿಯ ಎರಡು ಕೊನೆಗಳಿಗೆ ಒಂದು ಚಿಕ್ಕ ಸ್ವಿಚ್ಚನ್ನು ಬೆಸೆದಿದ್ದೇನೆ. ಸ್ವಿಚ್ಚು ಹಾಕಿದಾಗ ಧ್ವನಿವರ್ಧಕವೂ ಹೆಡ್‌ಸೆಟ್ಟೂ ಕೂಡಿಯೇ ನುಡಿಯುತ್ತವೆ. ಹೆಡ್‌ಸೆಟ್ಟಿನ ಪಾಲು ಅತ್ಯಲ್ಪವಾದುದರಿಂದ ರೇಡಿಯೋಗೆ ಅದೊಂದು ಹೊರೆಯೇ ಅಲ್ಲ. ಸಂಜೆಯ ವಾರ್ತೆಯ ಹೊತ್ತಿಗೆ ನಾನೂ ತಂಗಿಯೂ ಪುಸ್ತಕ ಮಡಿಸುತ್ತೇವೆ. ಸಣ್ಣ ದನಿಯಲ್ಲಿ ರೇಡಿಯೋ ನುಡಿಯುತ್ತದೆ. ತಂದೆಯವರು ಬಲಗಿವಿಗೆ ದಿಂಬು ಒತ್ತಿಕೊಂಡು, ತಾಯಿಯವರು ಒಲೆಯ ಬಳಿ ಕೂತು, ಅದೇ ಸುದ್ದಿಯನ್ನು ಕೇಳುತ್ತಾರೆ. ವಾರ್ತೆ ಮುಗಿದ ಮೇಲೆ ಸ್ವಿಚ್ಚು ತೆಗೆಯುತ್ತೇವೆ, ತತ್ವಪದ ತಂದೆಯವರ ಕಿವಿಗೆ ಹೋಗುತ್ತದೆ, ನಾವು ಓದಿಗೆ ಕೂರುತ್ತೇವೆ. ಈಗ ನಾನು ಅವರ ಬಲಮಗ್ಗುಲಲ್ಲಿಯೇ ಕೂರುತ್ತೇನೆ.